ಮುಳುಗುವ ಉದ್ರಿಗೆ ಮೊದಲೇ ಪ್ರಾವಿಷನ್: ನಾನು ಲೆಕ್ಕ ಬರೆದ ರೀತಿ

ದಾವಣಗೆರೆ ಕಡೆಯ ಒಂದು ಕೀಟನಾಶಕದ ಹೋಲ್‌ಸೇಲ್ ಅಂಗಡಿಯ ಲೆಕ್ಕ ನಾನು ನೋಡುತ್ತೇನೆ. ನಮ್ಮ ಗಿರಾಕಿಗಳು ಹಳ್ಳಿ ಅಂಗಡಿಯವರು. ರೈತರ ಕೈಗೆ ದುಡ್ಡು ಬಂದರೆ ಅವರಿಗೆ, ಅವರಿಗೆ ಬಂದರೆ ನಮಗೆ. ಉದ್ರಿ ಬಿಟ್ಟು ವ್ಯಾಪಾರವೇ ಇಲ್ಲ. ಅದರಲ್ಲಿ ಸ್ವಲ್ಪ ಮುಳುಗುವುದು ಖಂಡಿತ. ಯಾರದ್ದು ಅನ್ನುವುದಷ್ಟೇ ಗೊತ್ತಿರುವುದಿಲ್ಲ.

ಮೊದಲು, ಪಾರ್ಟಿ ಕೈಯೆತ್ತಿದ ವರ್ಷ ಇಡೀ ಬಾಕಿಯನ್ನು ಖರ್ಚಿಗೆ ಹಾಕುತ್ತಿದ್ದರು. ಮಾರಾಟದ ಲಾಭ ಒಂದು ವರ್ಷ, ಅದರ ನಷ್ಟ ಇನ್ಯಾವುದೋ ವರ್ಷ. ನಾನು ಪ್ರಾವಿಷನ್ ಪದ್ಧತಿ ಶುರು ಮಾಡಿದೆ. ಅಂದರೆ ಬಾಕಿಯಲ್ಲಿ ಎಷ್ಟು ಮುಳುಗಬಹುದು ಅಂತ ಅಂದಾಜು ಮಾಡಿ, ಅಷ್ಟನ್ನು ಮೊದಲೇ ಖರ್ಚು ಅಂತ ಬರೆದು ಬೇರೆ ಖಾತೆಯಲ್ಲಿ ಎತ್ತಿಡುವುದು. "ಕೊಡಬೇಕಾದವರಿಗೆ ನಾವೇ ಮಾಫಿ ಮಾಡಿದ ಹಾಗಲ್ವಾ?" ಅಂದರು ಮಾಲೀಕರು. ಪ್ರಾವಿಷನ್ ಬರೆದರೂ ಯಾರ ಲೆಡ್ಜರ್‌ನಲ್ಲೂ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ ಅಂತ ಟ್ಯಾಲಿಯಲ್ಲೇ ತೋರಿಸಿದ ಮೇಲೆ ಒಪ್ಪಿದರು.

ಬಾಕಿಯ ವಯಸ್ಸು ಅಳೆಯುವಾಗ 30, 60, 90 ದಿನದ ಲೆಕ್ಕ ನಮಗೆ ಹೊಂದುವುದಿಲ್ಲ. ಜುಲೈನಲ್ಲಿ ಕೊಟ್ಟ ಮಾಲಿನ ದುಡ್ಡು ಮೆಕ್ಕೆಜೋಳ ಮಾರಿದ ಮೇಲೆಯೇ ಬರುವುದು. ಆದರೆ ಜೋಳ ಮಾರಿ ಆದ ಮೇಲೂ, ಮಾರ್ಚ್ 31ಕ್ಕೂ ನಿಂತಿದ್ದರೆ ಅನುಮಾನ ಪಡಬೇಕು. ಅದಕ್ಕೇ ಹಂಗಾಮಿನ ಪ್ರಕಾರ ವಿಂಗಡಿಸಿದೆ. ಬೇಸಿಗೆ ಭತ್ತದ ಬಿಲ್‌ಗಳು 29 ಲಕ್ಷ, ಶೇ. 1ರಂತೆ 29,000. ಮುಂಗಾರಿನದು ಉಳಿದದ್ದು 9 ಲಕ್ಷ, ಶೇ. 10ರಂತೆ 90,000. ಅದಕ್ಕೂ ಹಳೆಯದು 2 ಲಕ್ಷ, ಶೇ. 60ರಂತೆ 1,20,000. ಒಟ್ಟು 2,39,000. ಈ ಶೇಕಡಾವಾರು ನಮ್ಮದೇ ಹಳೆಯ ಲೆಡ್ಜರ್‌ಗಳಿಂದ ತೆಗೆದದ್ದು. ಬೇರೆ ಅಂಗಡಿಯದು ಬೇರೆಯೇ ಇರುತ್ತದೆ.

ಹಾಗಂತ 2,39,000ವನ್ನೂ ಈ ವರ್ಷ ಖರ್ಚಿಗೆ ಬರೆಯುವುದಲ್ಲ. ಅದು ಖಾತೆಯಲ್ಲಿ ಕೊನೆಗೆ ಇರಬೇಕಾದ ಮೊತ್ತ. ಹಿಂದಿನ ವರ್ಷದ ಪ್ರಾವಿಷನ್ 2,00,000 ಇತ್ತು. ನಡುವೆ ಒಬ್ಬರು ಅಂಗಡಿ ಮುಚ್ಚಿಕೊಂಡು ಊರು ಬಿಟ್ಟರು. ಅವರ ಬಾಕಿ 75,000ಕ್ಕೆ ಪ್ರಾವಿಷನ್ ಡೆಬಿಟ್, ಪಾರ್ಟಿ ಕ್ರೆಡಿಟ್. ಅಂದರೆ ಎತ್ತಿಟ್ಟ ಮೊತ್ತದಿಂದ ಕಳೆದು, ಅವರ ಲೆಡ್ಜರ್‌ನ ಬಾಕಿ ವಜಾ ಮಾಡಿದೆ. ಲಾಭ-ನಷ್ಟದ ಖಾತೆಗೆ ಇದು ತಾಕಲೇ ಇಲ್ಲ. ಉಳಿದದ್ದು 1,25,000. ಹಾಗಾಗಿ ಮಾರ್ಚ್‌ನಲ್ಲಿ ಖರ್ಚಿಗೆ ಬರೆದದ್ದು 1,14,000 ಮಾತ್ರ.

ಮುಂದಿನ ವರ್ಷ ಅದೇ ಪಾರ್ಟಿ 20,000 ಕಳಿಸಿದರು! ನೇರವಾಗಿ ಆದಾಯ ಅಂತ ಬರೆಯಲಿಲ್ಲ. ಮೊದಲು ಪಾರ್ಟಿ ಡೆಬಿಟ್, ಪ್ರಾವಿಷನ್ ಕ್ರೆಡಿಟ್ ಮಾಡಿ ಅಷ್ಟು ಬಾಕಿಯನ್ನು ವಾಪಸ್ ಎಬ್ಬಿಸಿದೆ. ಆಮೇಲೆ ಬ್ಯಾಂಕ್ ಡೆಬಿಟ್, ಪಾರ್ಟಿ ಕ್ರೆಡಿಟ್. ನಾಳೆ ಅವರು ಮತ್ತೆ ಉದ್ರಿ ಕೇಳಿದರೆ, ಎಷ್ಟು ಮುಳುಗಿಸಿದರು, ಎಷ್ಟು ಕೊಟ್ಟರು ಎಲ್ಲ ಒಂದೇ ಲೆಡ್ಜರ್‌ನಲ್ಲಿ ಕಾಣುತ್ತದೆ.

ತೆರಿಗೆ ಲೆಕ್ಕ ಬೇರೆ. 1961ರ ಆದಾಯ ತೆರಿಗೆ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ನಮ್ಮಂಥವರ ಪ್ರಾವಿಷನ್‌ಗೆ ವಿನಾಯಿತಿ ಇರಲಿಲ್ಲ, ಪುಸ್ತಕದಲ್ಲಿ ವಜಾ ಮಾಡಿದ ಬಾಕಿಗೆ ಮಾತ್ರ ಇತ್ತು. ಆದ್ದರಿಂದ ಆ ವರ್ಷದ ಲಾಭಕ್ಕೆ 1,14,000 ಕೂಡಿಸಿ, 75,000 ಕಳೆದೆವು. ಆಮೇಲೆ ಬಂದ 20,000ಕ್ಕೆ, ಬಂದ ವರ್ಷ ತೆರಿಗೆ.

ಜಿಎಸ್‌ಟಿ ಮಾತ್ರ ಹೊಟ್ಟೆ ಉರಿಸುತ್ತದೆ. ಗಿರಾಕಿ ದುಡ್ಡು ಕೊಡಲಿಲ್ಲ ಅಂತ ನಾವು ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. ಅವರು 180 ದಿನದೊಳಗೆ ನಮಗೆ ಕೊಡದಿದ್ದರೆ, ತಾವು ಪಡೆದ ಇನ್‌ಪುಟ್ ಕ್ರೆಡಿಟ್ (ನಮ್ಮ ಬಿಲ್‌ನಲ್ಲಿದ್ದ ಜಿಎಸ್‌ಟಿಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಂಡದ್ದು) ಬಿಟ್ಟುಕೊಡಬೇಕು ಅನ್ನುವ ನಿಯಮವೂ ಇದೆ. ಈಗ ಬಾಕಿ ಕೇಳುವ ಪತ್ರದಲ್ಲಿ ಅದನ್ನೇ ಬರೆಯುತ್ತೇನೆ. ಬಡ್ಡಿ ಹಾಕುತ್ತೇವೆ ಅಂದಾಗ ಬರುವುದಕ್ಕಿಂತ ಜಾಸ್ತಿ ಫೋನ್ ಇದಕ್ಕೆ ಬರುತ್ತವೆ.