ವಾಲಿಯ ವಾದ ಕೇಳಿ ಜಿಆರ್‌ಇ ಪ್ರಬಂಧ ಬರೆದೆ: ನನ್ನ ಅನುಭವ

ಅಂಕ ಬಂದ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ, ‘ವಾಲಿಗೂ ಜಿಆರ್‌ಇಗೂ ಎಲ್ಲಿಂದೆಲ್ಲಿಯ ಸಂಬಂಧ ಮಾರಾಯ’ ಎಂದು ನಕ್ಕಿದ್ದ ಮೂವರಿಗೆ ಅದರ ಚಿತ್ರ ಕಳುಹಿಸಿದ್ದು. ಒಬ್ಬ ಹೆಬ್ಬೆರಳು ಎತ್ತಿದ. ಇಬ್ಬರು ಇನ್ನೂ ಉತ್ತರಿಸಿಲ್ಲ. ಅಮೆರಿಕ ಮೊದಲಾದೆಡೆ ಸ್ನಾತಕೋತ್ತರ ಓದಿಗೆ ಸೇರಲು ಇಂಗ್ಲಿಷಿನಲ್ಲಿ ಬರೆಯುವ ಪರೀಕ್ಷೆ ಈ ಜಿಆರ್‌ಇ. ಅದರ ಪ್ರಬಂಧ ವಿಭಾಗದಲ್ಲಿ ನನಗೆ ಮೊದಲ ಸಲ 3, ಎರಡನೆಯ ಸಲ 3.5, ಮೂರನೆಯ ಸಲ 5. ಆರಕ್ಕೆ ಐದು ಎಂದರೆ ನೂರರಲ್ಲಿ ತೊಂಬತ್ತು ಮಂದಿಗಿಂತ ಮೇಲೆ. ಗಣಿತದಲ್ಲಿ ನನ್ನಂಥ ಸಿವಿಲ್ ಎಂಜಿನಿಯರುಗಳು ಅಂಕ ತೆಗೆಯುವುದು ಸುದ್ದಿಯಲ್ಲ. ಆದ್ದರಿಂದ ಆ ಮಾತು ಇಲ್ಲಿ ಎತ್ತುವುದಿಲ್ಲ.

ಮೊದಲ ಪರೀಕ್ಷೆ 2023ರ ಜುಲೈಯಲ್ಲಿ, ಬೆಂಗಳೂರಿನಲ್ಲಿ. ಆಗ ಇನ್ನೂ ಎರಡು ಪ್ರಬಂಧಗಳಿದ್ದವು: ವಿಷಯದ ಬಗ್ಗೆ ಒಂದು, ಬೇರೆಯವರ ವಾದವನ್ನು ಸೀಳುವುದು ಒಂದು, ತಲಾ 30 ನಿಮಿಷ. ಮಂಗಳೂರಿನ ಒಂದು ಕೋಚಿಂಗ್ ಕೇಂದ್ರಕ್ಕೆ 16 ಸಾವಿರ ಕಟ್ಟಿದ್ದೆ. ಅಲ್ಲಿ ಕಲಿಸಿದ್ದು ಅಚ್ಚು. ಮೊದಲ ವಾಕ್ಯದಿಂದ ಕೊನೆಯ ವಾಕ್ಯದವರೆಗೆ ಎಲ್ಲವೂ ಸಿದ್ಧ, ನಡುವಿನ ಖಾಲಿ ಜಾಗಗಳಲ್ಲಿ ವಿಷಯ ತುಂಬಿದರೆ ಆಯಿತು. ತರಗತಿಯಲ್ಲಿದ್ದ ಮೂವತ್ತು ಮಂದಿಗೂ ಅದೇ ಅಚ್ಚು, ಅದೇ ಎಡಿಸನ್, ಅದೇ ಬಲ್ಬು. ಉತ್ತರಗಳಲ್ಲಿ ಒಂದೇ ತರಹದ ಸಾಲುಗಳನ್ನು ಹುಡುಕುವ ತಂತ್ರಾಂಶ ಪರೀಕ್ಷೆ ನಡೆಸುವವರ ಬಳಿ ಇದೆಯೆಂದು ನನಗೆ ಗೊತ್ತಾದದ್ದು ಹಣ ಕಟ್ಟಿದ ಮೇಲೆ.

ರಾತ್ರಿ ಬಸ್ಸಿನಲ್ಲಿ ಹೊರಟೆ. ಶಿರಾಡಿ ಘಾಟಿಯ ಮಳೆಯಲ್ಲಿ ಬಸ್ಸು ಮೂರು ಗಂಟೆ ನಿಂತಿತು. ಬೆಳಿಗ್ಗೆ ನೇರವಾಗಿ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಕಣ್ಣು ಉರಿಯುತ್ತಿರುವಾಗಲೇ ಅಚ್ಚು ಒತ್ತಿದೆ. ಆದರೂ ಆ 3ಕ್ಕೆ ನಿದ್ದೆ ಕಾರಣವಲ್ಲ. ವಿಷಯದ ಕೆಳಗೆ ಎರಡು ಸಾಲಿನ ಸೂಚನೆ ಇರುತ್ತದಲ್ಲ, ನನಗೆ ಬಂದದ್ದರಲ್ಲಿ ವಿಷಯದಲ್ಲಿ ಕೊಟ್ಟ ಸಲಹೆ ಯಾವ ಸಂದರ್ಭಗಳಲ್ಲಿ ಒಳ್ಳೆಯದು, ಯಾವ ಸಂದರ್ಭಗಳಲ್ಲಿ ಅಲ್ಲ ಎಂದು ವಿವರಿಸಲು ಹೇಳಿದ್ದರು. ನಾನು ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂದು ಬರೆದು ಎದ್ದು ಬಂದೆ. ಸಂದರ್ಭದ ಸುದ್ದಿಯೇ ಇಲ್ಲ. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಸೂಚನೆಯಲ್ಲಿ ಆರು ಬಗೆ ಇರುತ್ತವೆ, ಒಂದೊಂದು ಕೇಳುವುದೂ ಬೇರೆ ಬೇರೆ ಎಂಬುದನ್ನು 16 ಸಾವಿರ ತೆಗೆದುಕೊಂಡವರು ಒಮ್ಮೆಯೂ ಹೇಳಿರಲಿಲ್ಲ.

ಎರಡು ತಿಂಗಳ ನಂತರ, ಸೆಪ್ಟೆಂಬರ್ 22ರಿಂದ, ಪರೀಕ್ಷೆಯನ್ನೇ ಮೊಟಕು ಮಾಡಿದರು. ವಾದ ಸೀಳುವ ಪ್ರಬಂಧ ಹೋಯಿತು, ಉಳಿದದ್ದು ಒಂದೇ. ನನ್ನ ಓದಿನ ಅರ್ಧಭಾಗ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಡಿಸೆಂಬರಿನಲ್ಲಿ ಮನೆಯಿಂದಲೇ ಬರೆದೆ. ಬಸ್ಸಿನ ಹಣ ಉಳಿಯುತ್ತದೆ ಎಂಬ ಲೆಕ್ಕಾಚಾರ. ಮನೆಯಲ್ಲಿ ಬರೆಯುವವರಿಗೆ ಬರಿಯ ಕಾಗದ ಬಳಸಲು ಬಿಡುವುದಿಲ್ಲ, ಒರೆಸುವ ಬಿಳಿಹಲಗೆ ಇಲ್ಲವೇ ಪಾರದರ್ಶಕ ಹೊದಿಕೆಯೊಳಗಿನ ಹಾಳೆಯೇ ಗತಿ. 250 ರೂಪಾಯಿಗೆ ಒಂದು ಬಿಳಿಹಲಗೆ ತಂದೆ. ಕೋಣೆಗೆ ಯಾರೂ ಬರಬಾರದು ಎಂದು ಮನೆಯವರಿಗೆಲ್ಲ ಹೇಳಿದ್ದೆ, ಅಜ್ಜಿಗೆ ಹೇಳಿರಲಿಲ್ಲ. ಹದಿನೆಂಟನೆಯ ನಿಮಿಷಕ್ಕೆ ಅವರು ಬಾಗಿಲು ತೆರೆದು ‘ಅವಲಕ್ಕಿ ಕಲಸಿದ್ದೇನೆ’ ಎಂದರು. ಮೇಲ್ವಿಚಾರಕರ ಎಚ್ಚರಿಕೆ ತೆರೆಯ ಮೇಲೆ ಬಂತು. ಅಷ್ಟರಲ್ಲಿ ನನ್ನ ಎರಡನೆಯ ಉದಾಹರಣೆ ಎಲ್ಲಿಗೋ ಹಾರಿಹೋಗಿತ್ತು. ಆದರೆ 3.5ಕ್ಕೆ ಅಜ್ಜಿಯನ್ನು ದೂರುವುದು ನ್ಯಾಯವಲ್ಲ. ಆ ಸಲ ನಾನು ದೊಡ್ಡ ದೊಡ್ಡ ಪದಗಳ ಹಿಂದೆ ಬಿದ್ದಿದ್ದೆ. ನಾನೂರು ಪದಗಳನ್ನು ಗಿಳಿಪಾಠ ಮಾಡಿ, ‘ಪ್ಲೆಥೋರಾ’ (ಹೇರಳ) ಒಂದನ್ನೇ ಪ್ರಬಂಧದಲ್ಲಿ ನಾಲ್ಕು ಕಡೆ ಬಳಸಿದ್ದೆ. ಒಬ್ಬ ಮನುಷ್ಯ, ಒಂದು ಯಂತ್ರ ಓದಿ ಅಂಕ ಹಾಕುತ್ತಾರೆ. ಎರಡು ಅಂಕಗಳು ಹತ್ತಿರವಿಲ್ಲದಿದ್ದರೆ ಮಾತ್ರ ಇನ್ನೊಬ್ಬ ಮನುಷ್ಯ. ನನ್ನ ಪ್ಲೆಥೋರಾಗಳನ್ನು ಕಂಡು ಅವರಿಬ್ಬರಲ್ಲಿ ಯಾರಿಗೆ ಹೆಚ್ಚು ಬೇಸರವಾಯಿತೋ.

ಮರುವರ್ಷದ ಮಳೆಗಾಲದಲ್ಲಿ ನಮ್ಮೂರ ದೇವಸ್ಥಾನದ ಸಭಾಭವನದಲ್ಲಿ ತಾಳಮದ್ದಳೆ ಇತ್ತು, ವೇಷ, ಕುಣಿತವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಇಲ್ಲಿ ಮಾತಿನ ಕಾಲ. ಅಂದು ವಾಲಿವಧೆ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಏನು ಹಗೆ? ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ರಾಮನ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಿದ್ದವರು ತಟ್ಟನೆ ಉತ್ತರ ಕೊಡಲಿಲ್ಲ. ವಾಲಿಯ ಪ್ರಶ್ನೆಯನ್ನು ತಾವೇ ಇನ್ನಷ್ಟು ಹರಿತಗೊಳಿಸಿ ಹೇಳಿದರು, ‘ಇಷ್ಟು ನಿಜ’ ಎಂದು ಅರ್ಧ ಒಪ್ಪಿದರು, ಆ ಒಪ್ಪಿದ ಅರ್ಧದಿಂದಲೇ ತಮ್ಮನ ಹೆಂಡತಿಯ ವಿಷಯಕ್ಕೆ ತಿರುಗಿದರು. ನನ್ನ ಮೈ ಜುಮ್ಮೆಂದಿತು. ಆರರ ಅಂಕದ ಮಾದರಿ ಪ್ರಬಂಧಗಳಲ್ಲಿ ನಡೆಯುವುದು ಇದೇ, ಕೋಚಿಂಗಿನಲ್ಲಿ ಯಾರೂ ತೋರಿಸದಿದ್ದದ್ದೂ ಇದೇ. ಮನೆಗೆ ಬಂದು ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಹಳೆಯ ಧ್ವನಿಮುದ್ರಣ ಹುಡುಕಿ ಬೆಳಗಿನವರೆಗೆ ಕೇಳಿದೆ.

ಇನ್ನೊಂದು ಸಂಗತಿ. ತಾಳಮದ್ದಳೆಯ ಹಾಡುಗಾರರಾದ ಭಾಗವತರು ಹಾಡಿದ ಪದ್ಯದ ಎಲ್ಲೆಯೊಳಗೆ ಅರ್ಥ ಹೇಳಬೇಕು. ಎಷ್ಟೇ ಪಾಂಡಿತ್ಯವಿರಲಿ, ಪದ್ಯ ಬಿಟ್ಟು ಹೊರಗೆ ಹೋದರೆ ಸಭೆ ಆಕಳಿಸುತ್ತದೆ. ನನ್ನ ಮಟ್ಟಿಗೆ ಆ ಎರಡು ಸಾಲಿನ ಸೂಚನೆಯೇ ಪದ್ಯ. ಅಂದಿನಿಂದ ಸೂಚನೆಯನ್ನು ಮೊದಲು ಓದಿ ವಿಷಯವನ್ನು ಆಮೇಲೆ ಓದುವುದನ್ನು ರೂಢಿಸಿಕೊಂಡೆ.

ಅಭ್ಯಾಸಕ್ಕೆ ಸಿಕ್ಕಿದ್ದು ಬಸ್ಸು. ನನ್ನ ಮನೆ ಉಡುಪಿ, ಕೆಲಸ ಮಂಗಳೂರು. ವಿಷಯಗಳ ಪೂರ್ತಿ ಪಟ್ಟಿಯನ್ನು ಪರೀಕ್ಷೆಯವರೇ ಪ್ರಕಟಿಸಿದ್ದಾರೆ, ಅದರಿಂದ ದಿನಕ್ಕೊಂದು ಚೀಟಿ. ಸಿಟಿ ನಿಲ್ದಾಣ ಬಿಟ್ಟ ಕೂಡಲೇ ಚೀಟಿ ತೆರೆಯಬೇಕು, ಉದ್ಯಾವರದ ಸೇತುವೆ ದಾಟುವುದರೊಳಗೆ ನನ್ನ ಪಕ್ಷ ಯಾವುದೆಂದು ತೀರ್ಮಾನವಾಗಬೇಕು. ಕಟಪಾಡಿಗೆ ಮೊದಲ ಉದಾಹರಣೆ, ಕಾಪುವಿಗೆ ಎದುರಾಳಿಯ ಅತಿ ಗಟ್ಟಿ ಮಾತು, ಪಡುಬಿದ್ರಿಗೆ ಮಂಗಳ. ಎಲ್ಲವೂ ಬಾಯಲ್ಲೇ, ಇಯರ್‌ಫೋನ್ ಸಿಕ್ಕಿಸಿಕೊಂಡು ಫೋನಿನಲ್ಲಿ ಮಾತನಾಡುವವನಂತೆ. ಹೆಜಮಾಡಿ ಟೋಲ್ ದಾಟಿದ ಮೇಲೆ ಅದೇ ವಿಷಯಕ್ಕೆ ಎದುರು ಪಕ್ಷ ವಹಿಸಿ ಸುರತ್ಕಲ್‌ವರೆಗೆ. ಕಂಡಕ್ಟರ್ ಒಂದು ದಿನ ‘ನಿಮ್ಮದು ಕೋರ್ಟ್ ಕೇಸು ಇನ್ನೂ ಮುಗಿಯಲಿಲ್ಲವೇ’ ಎಂದು ಕೇಳಿದ. ಒಟ್ಟು ಎಪ್ಪತ್ತು ಚೀಟಿಗಳಾದರೂ ಆಗಿರಬೇಕು, ಲೆಕ್ಕ ಇಟ್ಟಿಲ್ಲ.

ಒಂದನ್ನು ಬಿಡಿಸಿ ಹೇಳುತ್ತೇನೆ. ಸಮಾಜವೊಂದರ ಮುಖ್ಯ ಗುಣಗಳನ್ನು ಅರಿಯಲು ಅದರ ಮಹಾನಗರಗಳನ್ನು ಅಧ್ಯಯನ ಮಾಡಬೇಕು ಎಂಬರ್ಥದ ವಿಷಯ ಪಟ್ಟಿಯಲ್ಲಿದೆ. ಎಲ್ಲರೂ ನ್ಯೂಯಾರ್ಕ್, ಪ್ಯಾರಿಸ್ ಎಂದು ಓಡುತ್ತಾರೆ. ನಾನು ಉಡುಪಿಯಲ್ಲೇ ಕೂತೆ. 1925ರಲ್ಲಿ 8 ಸಾವಿರ ರೂಪಾಯಿ ಬಂಡವಾಳದಿಂದ ಇಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ಎಂಬ ಉಳಿತಾಯ ಯೋಜನೆಯಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿತು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ವಿಜಯಾ ಬ್ಯಾಂಕುಗಳೂ ಇದೇ ಕರಾವಳಿಯ ಮಣ್ಣಿನವು. ದುಡಿಯುವವನ ಎರಡಾಣೆಯನ್ನೂ ಗೌರವದಿಂದ ಎಣಿಸಿದ ಒಂದು ಸಮಾಜದ ಗುಣವನ್ನು ಆ ಕಾಲದ ಬೊಂಬಾಯಿಯಲ್ಲಿ ಹುಡುಕಿದ್ದರೆ ಸಿಗುತ್ತಿತ್ತೇ? ಇದು ನನ್ನ ಪಕ್ಷ. ಕಾಪು ಬಂತು, ಈಗ ವಾಲಿ ಏಳಬೇಕು. ‘ನಿನ್ನ ಉಡುಪಿಯವರು ಎಲ್ಲಿ ಹೋದರು? ಬೊಂಬಾಯಿಗೆ ಹೋಗಿ ಹೋಟೆಲು ಇಟ್ಟರಲ್ಲ. ಊರಿನ ಶುಚಿ, ರುಚಿ, ಲೆಕ್ಕಾಚಾರ ಎಲ್ಲವೂ ಎದ್ದು ಕಂಡದ್ದು ನಗರದ ಬೀದಿಯಲ್ಲಿ.’ ಈ ಮಾತು ಹೊಳೆದಾಗ ನಾನೇ ಬೆಚ್ಚಿದೆ, ನನ್ನ ಪಕ್ಷಕ್ಕಿಂತ ಇದೇ ಗಟ್ಟಿ. ಅರ್ಧ ಒಪ್ಪಿಕೊಂಡೆ: ನಗರದಲ್ಲಿ ಗುಣ ಕಾಣುತ್ತದೆ, ನಿಜ. ಆದರೆ ಅದು ಯಾವ ಗುಣವೆಂದು ತಿಳಿಯಬೇಕಾದರೆ ಹೋಟೆಲಿನವನ ಊರಿಗೆ ಬರಬೇಕು. ಪಡುಬಿದ್ರಿ. ಆ ದಿನ ಕಚೇರಿಯಲ್ಲಿ ಮಧ್ಯಾಹ್ನದವರೆಗೆ ನನಗೆ ಕೆಲಸವೇ ಹತ್ತಲಿಲ್ಲ.

ಇಂಥ ಎಂಟು ಉದಾಹರಣೆಗಳನ್ನು ಸಿದ್ಧಮಾಡಿಕೊಂಡಿದ್ದೆ. ಪಿಗ್ಮಿ ಒಂದು. ಮಲ್ಪೆಯ ಟ್ರಾಲ್ ದೋಣಿಗಳಿಗೆ ಜೂನ್, ಜುಲೈಯಲ್ಲಿ ಇರುವ 61 ದಿನಗಳ ನಿಷೇಧ ಇನ್ನೊಂದು. ನಿರ್ಬಂಧ, ಸ್ವಾತಂತ್ರ್ಯ, ಪರಿಸರ, ಇಂದಿನ ಲಾಭ ನಾಳೆಯ ಲಾಭ, ಯಾವುದಕ್ಕೆ ಬೇಕಾದರೂ ಹೊಂದುತ್ತದೆ. 1865ರ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಮೂರನೆಯದು. ಉಳಿದ ಐದನ್ನು ಹೇಳುವುದಿಲ್ಲ, ಮುಂದಿನ ವರ್ಷ ನನ್ನ ತಮ್ಮ ಬರೆಯುವವನಿದ್ದಾನೆ.

ಪದ್ಧತಿಯಲ್ಲಿ ಒಂದು ಹುಳುಕೂ ಇತ್ತು, ಮುಚ್ಚಿಡುವುದಿಲ್ಲ. ತಾಳಮದ್ದಳೆಯಲ್ಲಿ ವಾಲಿಯೂ ಗೆಲ್ಲಬಹುದು, ರಾಮನೂ ಗೆಲ್ಲಬಹುದು, ಕೇಳಿದವರು ಇಬ್ಬರಿಗೂ ತಲೆದೂಗಿ ಎದ್ದು ಹೋಗುತ್ತಾರೆ. ಪರೀಕ್ಷೆಯಲ್ಲಿ ಹಾಗಾಗದು. ಮೊದಲ ಒಂದು ತಿಂಗಳು ನಾನು ಬರೆದದ್ದೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಇತ್ತ ಅಷ್ಟು ನಿಜ, ಅತ್ತ ಇಷ್ಟು ನಿಜ. ಇದಕ್ಕೆ ಕಂಡುಕೊಂಡ ಮದ್ದು: ಕೊನೆಯ ವಾಕ್ಯವನ್ನು ಮೊದಲು ಟೈಪ್ ಮಾಡಿ ಕೆಳಗೆ ಇಟ್ಟುಬಿಡುವುದು. ವಾಲಿ ಸಾಯಲೇಬೇಕು ಎಂಬುದು ನಿಶ್ಚಯವಾದ ಮೇಲೆ ಅವನು ಎಷ್ಟು ಬೇಕಾದರೂ ಮಾತನಾಡಲಿ. ಎದುರಾಳಿಯ ಮಾತನ್ನು ಯಾವ ಪ್ಯಾರಾದಲ್ಲಿ, ಎಷ್ಟು ಸಾಲಿನಲ್ಲಿ ಇಡಬೇಕು ಎಂಬುದಕ್ಕೂ ನನ್ನದೊಂದು ಅಳತೆ ಇದೆ. ಅದು ತಮ್ಮನ ಪಾಲಿಗೆ.

ಬಾಯಿಗೆ ಬಂದದ್ದು ಬೆರಳಿಗೆ ಬರಬೇಕಲ್ಲ. ಪರೀಕ್ಷೆಯ ಬರೆಯುವ ಕಿಟಕಿಯಲ್ಲಿ ಕತ್ತರಿಸುವುದು, ಅಂಟಿಸುವುದು, ಹಿಂದಕ್ಕೆ ತೆಗೆದುಕೊಳ್ಳುವುದು ಬಿಟ್ಟರೆ ಏನೂ ಇಲ್ಲ, ಕಾಗುಣಿತ ತಿದ್ದುವವರಿಲ್ಲ. ಲ್ಯಾಪ್‌ಟಾಪಿನ ಚಪ್ಪಟೆ ಕೀಲಿಗಳಿಗೆ ಒಗ್ಗಿದ ಬೆರಳುಗಳು ಮೊದಲ ಸಲ ಕೇಂದ್ರದ ಕೀಲಿಮಣೆಯಲ್ಲಿ ಎಡವಿದ್ದವು. ಹಂಪನಕಟ್ಟೆಯಲ್ಲಿ 600 ರೂಪಾಯಿಗೆ ಅಂಥದ್ದೇ ಗಟ್ಟಿ ಕೀಲಿಮಣೆ ಕೊಂಡು ನೋಟ್‌ಪ್ಯಾಡಿನಲ್ಲಿ ಬರೆದೆ. 5 ನಿಮಿಷ ಯೋಚನೆ, 21 ನಿಮಿಷ ಬರಹ, 4 ನಿಮಿಷ ತಿದ್ದುಪಡಿ. ಮೊದಲು ಮುನ್ನೂರು ಪದಕ್ಕೆ ಏದುಸಿರು ಬಿಡುತ್ತಿದ್ದವನು ಕೊನೆಗೆ ಐನೂರೈವತ್ತರ ಆಸುಪಾಸಿಗೆ ಬಂದೆ.

ನಡುವೆ ಕೆಲವು ಹುಚ್ಚಾಟಗಳೂ ನಡೆದವು. ಕನ್ನಡದಲ್ಲಿ ಪೂರ್ತಿ ಬರೆದು ಇಂಗ್ಲಿಷಿಗೆ ತಿರುಗಿಸಿದರೆ ಹೇಗೆ ಎಂದು ಹತ್ತು ದಿನ ನೋಡಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇಂಗ್ಲಿಷಿನಲ್ಲಿ ಪ್ರತಿ ವಾಕ್ಯವೂ ಹಿಂದುಮುಂದಾಗಿ ಮೊಳದುದ್ದ ಆಯಿತು, ಕೈಬಿಟ್ಟೆ. ಮಾತು ಕನ್ನಡದಲ್ಲಿರಲಿ, ಬರಹ ನೇರ ಇಂಗ್ಲಿಷಿನಲ್ಲಿರಲಿ ಎಂಬುದು ಅದರಿಂದ ಕಲಿತ ಪಾಠ. ಎಐ ಚಾಟ್‌ಬಾಟಿಗೆ ತಿದ್ದಲು ಕೊಟ್ಟೆ. ಒಂದೇ ಪ್ರಬಂಧಕ್ಕೆ ಬೆಳಿಗ್ಗೆ 4, ಸಂಜೆ 5.5 ಕೊಟ್ಟಿತು. ಪ್ಲೆಥೋರಾ ಪ್ರಬಂಧವನ್ನಂತೂ ಹೊಗಳಿ ಅಟ್ಟಕ್ಕೇರಿಸಿತು. ಕೊನೆಗೆ ಒದಗಿದ್ದು ಮಾವ. ನಿವೃತ್ತ ಇಂಗ್ಲಿಷ್ ಅಧ್ಯಾಪಕರು. ಶನಿವಾರಕ್ಕೆ ಎರಡು ಪ್ರಬಂಧ, ಶುಲ್ಕ ನಾಲ್ಕು ಬನ್ಸ್. ಅವರು ಅಂಕ ಹಾಕುತ್ತಿರಲಿಲ್ಲ. ಎಲ್ಲಿ ನಂಬಿಕೆ ಬರಲಿಲ್ಲವೋ ಅಲ್ಲಿ ಕೆಂಪು ಶಾಯಿಯಲ್ಲಿ ‘ಆದ್ದರಿಂದ?’ ಎಂದಷ್ಟೇ ಬರೆಯುತ್ತಿದ್ದರು. ಮೊದಲ ಪ್ರಬಂಧದಲ್ಲಿ ಹನ್ನೊಂದು ಆದ್ದರಿಂದಗಳಿದ್ದವು, ಕೊನೆಯದರಲ್ಲಿ ಎರಡು.

ಮೂರನೆಯ ಪರೀಕ್ಷೆಯನ್ನು ಆಗಸ್ಟಿನಲ್ಲಿ ಬರೆಯಬೇಕೆಂದಿದ್ದೆ. 2024ರ ಜುಲೈ ಕೊನೆಯಲ್ಲಿ ಮಂಗಳೂರು-ಬೆಂಗಳೂರು ರೈಲು ದಾರಿಯ ಎಡಕುಮೇರಿಯ ಬಳಿ ಹಳಿಯ ಬುಡದ ಮಣ್ಣು ಕುಸಿದು ರೈಲು ನಿಂತಿತು, ಶಿರಾಡಿಯ ರಸ್ತೆಯ ಕಥೆಯನ್ನು ಹೇಳುವುದೇ ಬೇಡ. ಒಮ್ಮೆ ಕೈಸುಟ್ಟುಕೊಂಡವನು ನಾನು, ಸೆಪ್ಟೆಂಬರಿಗೆ ದಿನ ಗೊತ್ತುಮಾಡಿದೆ. ಹಗಲಿನ ರೈಲಿನಲ್ಲಿ ಎರಡು ದಿನ ಮೊದಲೇ ಹೋಗಿ, ಕೇಂದ್ರದ ಹತ್ತಿರವೇ ರೂಮು ಹಿಡಿದು, ರಾತ್ರಿ ಒಂಬತ್ತಕ್ಕೆ ಮಲಗಿದೆ. ಬಂದ ವಿಷಯವನ್ನು ಹೇಳುವಂತಿಲ್ಲ, ಅದು ಪರೀಕ್ಷೆಯ ನಿಯಮ. ಎಂಟರಲ್ಲಿ ಎರಡು ಉದಾಹರಣೆಗಳು ಕೆಲಸಕ್ಕೆ ಬಂದವು ಎಂದಷ್ಟೇ ಹೇಳಬಹುದು. ಉದ್ಯಾವರದ ಸೇತುವೆ ಕಣ್ಣಮುಂದೆ ಬಂದಾಗ ಗಡಿಯಾರದಲ್ಲಿ 26 ನಿಮಿಷ ಉಳಿದಿತ್ತು.

ಒಟ್ಟು ಖರ್ಚು ಕೇಳಿ. ಕೋಚಿಂಗ್ 16 ಸಾವಿರ. ಪರೀಕ್ಷಾ ಶುಲ್ಕ ಮೊದಲ ಸಲ 20 ಸಾವಿರದ ಆಸುಪಾಸು, ಆಮೇಲೆ ಎರಡು ಸಲ 22 ಸಾವಿರ ಚಿಲ್ಲರೆ. ಬಸ್ಸು, ರೈಲು, ರೂಮು, ಊಟ ಸೇರಿ ಏಳೆಂಟು ಸಾವಿರ. ಕೀಲಿಮಣೆ, ಹಲಗೆ, ಬನ್ಸ್. ಹೇಗೆ ಕೂಡಿದರೂ 90 ಸಾವಿರದ ಹತ್ತಿರ. ಇದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಕೊನೆಯ ಶುಲ್ಕ, ಕೀಲಿಮಣೆ ಮತ್ತು ಬನ್ಸ್. ತಾಳಮದ್ದಳೆಗೆ ಟಿಕೆಟ್ ಇರಲಿಲ್ಲ, ಮೇಲೆ ಚಹಾ, ಅಂಬೊಡೆಯನ್ನೂ ಕೊಟ್ಟರು. ಅಪ್ಪನಿಗೆ ನಾನು ಹೇಳಿರುವ ಮೊತ್ತ ಬೇರೆ.

ಬಿಳಿಹಲಗೆಯನ್ನು ಮೊನ್ನೆ ತಮ್ಮನಿಗೆ 200 ರೂಪಾಯಿಗೆ ಮಾರಿದೆ. ಉದಾಹರಣೆಗಳ ಪುಸ್ತಕಕ್ಕೆ ಚೌಕಾಸಿ ಇನ್ನೂ ನಡೆಯುತ್ತಿದೆ.