ಕೌದಿಯ ಅಂಚಿಗೆ ಮುಕ್ಕೋಣದ ಸಾಲು: ಮೂಲೆ ಕೆಡದಂತೆ ಹೊಲಿಯುವುದು ಹೇಗೆ?

ಮಡಿಕೇರಿಯ ಮಳೆಗಾಲದಲ್ಲಿ ಹೊಲಿಗೆ ಯಂತ್ರಗಳಿಗೆ ಬಿಡುವಿರುವುದಿಲ್ಲ. ತುಂಡು ಬಟ್ಟೆ ಜೋಡಿಸಿ ಕೌದಿಯ ನಡುಭಾಗವನ್ನು ಅಚ್ಚುಕಟ್ಟಾಗಿ ಹೊಲಿಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರೂ ಎಡವುವುದು ಅಂಚಿನಲ್ಲಿ. ಒಂದು ಮೂಲೆಯಿಂದ ಮುಕ್ಕೋಣಗಳನ್ನು ಅಂದಾಜಿನಲ್ಲಿ ಇಡುತ್ತಾ ಹೋಗಿ, ಕೊನೆಯ ಮೂಲೆಗೆ ಬಂದಾಗ ಉಳಿದದ್ದನ್ನೆಲ್ಲ ಒತ್ತಿ ತುರುಕುತ್ತಾರೆ. ಇಡೀ ಕೌದಿಯ ಅಂದ ಅಲ್ಲೇ ಕೆಡುತ್ತದೆ.

ಮಡಚಿದ ಬಟ್ಟೆಯ ಅಲಂಕಾರ ನಮ್ಮ ನಾಡಿಗೆ ಹೊಸದಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿ ಎಂಬ ಕೌದಿಯ ನಾಲ್ಕು ಮೂಲೆಗಳಿಗೂ ಇಂಥ ‘ಫೂಲ’ (ಹೂವು) ಇರಲೇಬೇಕು. ಅಂಚಿನುದ್ದಕ್ಕೂ ಮುಕ್ಕೋಣಗಳನ್ನು ಸಾಲಾಗಿ ಕೂರಿಸುವ ಪದ್ಧತಿ ಅಮೆರಿಕದ ಕೌದಿಗಳಲ್ಲಿದೆ. ಅಲ್ಲಿ ಇದಕ್ಕೆ ಪ್ರೇರಿ ಪಾಯಿಂಟ್ ಎನ್ನುತ್ತಾರೆ. ಇಲ್ಲಿ ಹೇಳುತ್ತಿರುವುದು ಅದನ್ನೇ.

40 ಇಂಚಿನ ಚೌಕಾಕಾರದ ಮಗುವಿನ ಕೌದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಇದಕ್ಕೆ ಹತ್ತಿಯ ಪಾಪ್ಲಿನ್ ಬಟ್ಟೆ ಮುಕ್ಕಾಲು ಮೀಟರ್ ಸಾಕು. ಪಾಲಿಯೆಸ್ಟರ್ ಬೇಡವೇ ಬೇಡ, ಅದರಲ್ಲಿ ಮಡಿಕೆ ನಿಲ್ಲುವುದಿಲ್ಲ. ಮೀಟರ್ ಲೆಕ್ಕದಲ್ಲಿ ಸಿಗುವ ಸಿದ್ಧ ಮುಕ್ಕೋಣದ ಲೇಸನ್ನೂ ತರಬೇಡಿ. ನಾಲ್ಕು ಸಲ ಒಗೆಯುವಷ್ಟರಲ್ಲಿ ತುದಿಗಳು ಸುರುಳಿಕೊಳ್ಳುತ್ತವೆ. ಬಟ್ಟೆಯನ್ನು ಮೊದಲೇ ಒಗೆದು, ಒಣಗಿಸಿ, 3 ಇಂಚಿನ 68 ಚೌಕಗಳನ್ನು ಕತ್ತರಿಸಿಕೊಳ್ಳಿ.

ಪ್ರತಿ ಚೌಕವನ್ನೂ ಮೂಲೆಯಿಂದ ಮೂಲೆಗೆ ಮಡಚಿ, ಮತ್ತೊಮ್ಮೆ ಹಾಗೆಯೇ ಮಡಚಿ. ಬುಡದಲ್ಲಿ 3 ಇಂಚು ಅಗಲ, ಒಂದೂವರೆ ಇಂಚು ಎತ್ತರದ ಮುಕ್ಕೋಣ ಸಿಗುತ್ತದೆ. ಮಡಿಕೆ ಓರೆ ನೂಲಿನ ಮೇಲೆ ಬರುವುದರಿಂದ ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡಿದರೆ ಬಟ್ಟೆ ಹಿಗ್ಗುತ್ತದೆ. ಮೇಲಿಂದ ಒತ್ತಿ ತೆಗೆಯಿರಿ. ಗಂಜಿ ಹಾಕಬೇಡಿ. ನಮ್ಮ ಥಂಡಿಯಲ್ಲಿ ಗಂಜಿ ಹಾಕಿದ ಬಟ್ಟೆಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ.

ಇನ್ನು ನಿಧಾನವಾಗಿ ಮಾಡಬೇಕಾದ ಕೆಲಸ. ಅಂಚಿನಿಂದ ಒಂದೂವರೆ ಇಂಚಿನೊಳಗೆ ಕೌದಿಯ ಹೊಲಿಗೆ ಬಂದಿರಬಾರದು, ಬಂದಿದ್ದರೆ ಬಿಚ್ಚಿ. ಒಳಗಿನ ಹತ್ತಿಯ ಪದರವನ್ನೂ ಹಿಂಬದಿಯ ಬಟ್ಟೆಯನ್ನೂ ಹಿಂದಕ್ಕೆ ಮಡಚಿಟ್ಟು, ಮೇಲ್ಬಟ್ಟೆಯನ್ನು ಮಾತ್ರ ಮುಂದೆ ಹರಡಿ. ಮುಕ್ಕೋಣಗಳು ಅದರ ಹೊರಮೈ ಮೇಲೆ, ತುದಿ ಕೌದಿಯ ಒಳಗೆ ನೋಡುವಂತೆ, ಬುಡ ಅಂಚಿಗೆ ಸಮನಾಗಿ ಕೂರಬೇಕು. ತುದಿ ಹೊರಗೆ ಮಾಡಿ ಇಟ್ಟರೆ ಹೊಲಿದ ಮೇಲೆ ಎಲ್ಲವೂ ಒಳಗೆ ಹೋಗಿಬಿಡುತ್ತವೆ.

ಒಂದು ಬದಿಗೆ 17 ಮುಕ್ಕೋಣ. ಮೊದಲು ಎರಡು ಕೊನೆಗಳಲ್ಲಿ ಒಂದೊಂದು, ಆಮೇಲೆ ನಟ್ಟನಡುವೆ ಒಂದು. ಉಳಿದ ಜಾಗದ ನಡುವೆ ಒಂದೊಂದು, ಮತ್ತೆ ಅವುಗಳ ನಡುವೆ, ಮತ್ತೆ ಅವುಗಳ ನಡುವೆ. ಹೀಗೆ ಅರ್ಧ ಮಾಡುತ್ತಾ ಹೋದರೆ 17 ತಾನಾಗಿ ತುಂಬುತ್ತದೆ, ಟೇಪು ಹಿಡಿದು ಕೂರಬೇಕಿಲ್ಲ. ನಡುವನ್ನು ಮುಕ್ಕೋಣದ ತುದಿಯಿಂದ ತುದಿಗೆ ನೋಡಿ ಗುರುತಿಸಿ. ತುದಿಗಳ ನಡುವಿನ ಅಂತರ ಸುಮಾರು 2.3 ಇಂಚು ಬರುತ್ತದೆ. ಎಲ್ಲದರ ತೆರೆದ ಬದಿಯೂ ಒಂದೇ ದಿಕ್ಕಿಗಿರಲಿ, ಒಂದರ ಬಾಯೊಳಗೆ ಪಕ್ಕದ್ದರ ಅಂಚು ತೂರಲಿ.

ನಿಮ್ಮ ಕೌದಿಯ ಅಳತೆ ಬೇರೆಯಾದರೆ ಒಂದು ಲೆಕ್ಕ ಮರೆಯಬೇಡಿ. ಕಾಲು ಇಂಚು ಬಿಟ್ಟು ಹೊಲಿದಾಗ ಪ್ರತಿ ಮುಕ್ಕೋಣದ ಬುಡವೂ ಎರಡು ಕಡೆಯಿಂದ ಕಾಲು ಕಾಲು ಇಂಚು ಕಿರಿದಾಗುತ್ತದೆ. ಆದ್ದರಿಂದ ಪಕ್ಕಪಕ್ಕದವು ಕನಿಷ್ಠ ಅರ್ಧ ಇಂಚಾದರೂ ಒಂದರೊಳಗೊಂದು ಸೇರಿರಬೇಕು. ಇಲ್ಲವಾದರೆ ಮಗುಚಿದ ಮೇಲೆ ನಡುನಡುವೆ ಸಂದು ಕಾಣುತ್ತದೆ.

ಮೂಲೆಯಲ್ಲಿ ಮಾತ್ರ ಒಂದರ ಮೇಲೊಂದು ಬರಕೂಡದು. ಎರಡು ಬದಿಯ ಕೊನೆಯ ಮುಕ್ಕೋಣಗಳ ಬುಡ ಮೂಲೆಯಲ್ಲೇ ಶುರುವಾಗಲಿ. ಆಗ ಮೂಲೆಯಿಂದ ಒಳಕ್ಕೆ ಹೋಗುವ ಓರೆಗೆರೆಯ ಮೇಲೆ ಅವೆರಡರ ಮೈ ಒಂದಕ್ಕೊಂದು ತಾಗಿ ನಿಲ್ಲುತ್ತದೆ. ಅಲ್ಲಿ ಕೂದಲೆಳೆಯಷ್ಟೂ ಏರಿಕೆ ಇದ್ದರೆ, ಮಗುಚಿದಾಗ ಮೂಲೆ ಗಂಟು ಕಟ್ಟಿದಂತೆ ಎಳೆಯುತ್ತದೆ.

ಜೋಡಿಸಿದ್ದನ್ನು ದಾರದಿಂದ ಕಚ್ಚಾ ಹೊಲಿಗೆ ಹಾಕಿ ಹಿಡಿದಿಡಿ. ಗುಂಡುಸೂಜಿ ಚುಚ್ಚಿ ನಾಳೆಗೆಂದು ಬಿಟ್ಟರೆ ಜುಲೈ ತಿಂಗಳ ತೇವಕ್ಕೆ ತುಕ್ಕಿನ ಕಲೆ ಉಳಿಯುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ. ಅಂಟು ಹಚ್ಚುವ ಸುಲಭದ ದಾರಿಯೂ ಬೇಡ; ಬಟ್ಟೆ ಗಟ್ಟಿಯಾಗಿ ಸೂಜಿ ಮುರಿಯಬಹುದು.

ಕಾಲು ಇಂಚಿಗೆ ಯಂತ್ರದ ಹೊಲಿಗೆ ಹಾಕಿ. ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ, ದಾರ ಕತ್ತರಿಸಿ, ಮುಂದಿನ ಬದಿಯನ್ನು ಹೊಸದಾಗಿ ಆರಂಭಿಸಿ. ಮುಕ್ಕೋಣಗಳನ್ನು ಹೊರಕ್ಕೆ ಮಗುಚಿ, ಹೆಚ್ಚಾದ ಹತ್ತಿಯನ್ನು ಕತ್ತರಿಸಿ, ಹಿಂಬದಿಯ ಬಟ್ಟೆಯ ಅಂಚನ್ನು ಒಳಕ್ಕೆ ಮಡಚಿ ಯಂತ್ರದ ಹೊಲಿಗೆ ಮುಚ್ಚುವಂತೆ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಒಗೆದಾಗ ಮುಕ್ಕೋಣಗಳಿಗೆ ಕ್ಲಿಪ್ ಹಾಕಿ ನೇತುಹಾಕಬೇಡಿ. ಎರಡು ಹಗ್ಗಗಳ ಮೇಲೆ ಹರಡಿ, ಇನ್ನೂ ಒದ್ದೆಯಿರುವಾಗಲೇ ತುದಿಗಳನ್ನು ಬೆರಳಿನಿಂದ ನೇರ ಮಾಡಿ.