ಸೂತ್ರವನ್ನು ಮರವಾಗಿ ಇಟ್ಟುಕೊಂಡ ಮೇಲೆ

ನಮ್ಮ ವರದಿ ಸಾಫ್ಟ್‌ವೇರ್‌ನಲ್ಲಿ ಬಳಕೆದಾರರು ತಮಗೆ ಬೇಕಾದ ಸೂತ್ರವನ್ನು ತಾವೇ ಬರೆದುಕೊಳ್ಳಬಹುದು. ‘ಬೆಲೆ * ಸಂಖ್ಯೆ - ರಿಯಾಯಿತಿ’ ಎಂದು ಟೈಪ್ ಮಾಡಿದರೆ ಪ್ರತಿ ಸಾಲಿಗೂ ಉತ್ತರ ಬರಬೇಕು. ಈ ಭಾಗ ನನ್ನ ಕೈಗೆ ಬಂದಾಗ ಹಳೆಯ ಕೋಡ್ ಸೂತ್ರವನ್ನು ಕೊನೆಯವರೆಗೂ ಸ್ಟ್ರಿಂಗ್ ಆಗಿಯೇ, ಅಂದರೆ ಬರಿಯ ಅಕ್ಷರಗಳ ಸಾಲಾಗಿಯೇ, ಇಟ್ಟುಕೊಂಡಿತ್ತು. ಹೆಸರು ಇದ್ದ ಜಾಗಕ್ಕೆ ಅದರ ಬೆಲೆ ತುಂಬಿ, ಆಮೇಲೆ ಲೆಕ್ಕ ಮಾಡುತ್ತಿತ್ತು. ‘ಅ ^ 2’ ಎಂಬ ಸೂತ್ರದಲ್ಲಿ ಅ ಎಂದರೆ -3 ಆಗಿದ್ದರೆ ಸ್ಟ್ರಿಂಗ್ ‘-3 ^ 2’ ಆಗುತ್ತದೆ. ಗಣಿತದ ರೂಢಿಯಲ್ಲಿ ಘಾತ ಮೊದಲು, ಋಣ ಚಿಹ್ನೆ ಆಮೇಲೆ. ಹಾಗಾಗಿ 9 ಬರಬೇಕಾದಲ್ಲಿ -9 ಬರುತ್ತಿತ್ತು.

ಇದಕ್ಕೆ ಅಲ್ಲಲ್ಲಿ ಆವರಣ ಸೇರಿಸಿ ತೇಪೆ ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ಸೂತ್ರದ ಅರ್ಥ ಅದರ ಅಕ್ಷರಗಳಲ್ಲಿಲ್ಲ, ರಚನೆಯಲ್ಲಿದೆ. ಆ ರಚನೆಯನ್ನೇ ಅಬ್‌ಸ್ಟ್ರ್ಯಾಕ್ಟ್ ಸಿಂಟ್ಯಾಕ್ಸ್ ಟ್ರೀ ಆಗಿ, ಅಂದರೆ ಯಾವ ಚಿಹ್ನೆಯ ಕೆಳಗೆ ಯಾವ ಭಾಗ ಬರುತ್ತದೆ ಎಂದು ತೋರಿಸುವ ಮರವಾಗಿ, ಹಿಡಿದಿಡಬೇಕು ಎಂದು ತೀರ್ಮಾನಿಸಿದೆ. ‘2 + 3 * 4’ ಆಗ ಕೂಡು(2, ಗುಣಿಸು(3, 4)) ಆಗುತ್ತದೆ. ‘(2 + 3) * 4’ ಗುಣಿಸು(ಕೂಡು(2, 3), 4) ಆಗುತ್ತದೆ. ಆವರಣ ಮರದಲ್ಲಿ ಎಲ್ಲೂ ಉಳಿಯುವುದಿಲ್ಲ, ಅದು ಹೇಳಬೇಕಾದದ್ದನ್ನು ಕೊಂಬೆಗಳೇ ಹೇಳುತ್ತವೆ.

ಪಠ್ಯ ಓದಿ ಮರ ಕಟ್ಟುವ ಪಾರ್ಸರ್‌ಗೆ ಕಂಪ್ಯೂಟರ್ ವಿಜ್ಞಾನಿ ವಾನ್ ಪ್ರಾಟ್ 1973ರಲ್ಲಿ ವಿವರಿಸಿದ ವಿಧಾನ ಹಿಡಿದೆ. ಪ್ರತಿ ಚಿಹ್ನೆಗೂ ಒಂದು ಬಂಧನ ಬಲ, ಅಂದರೆ ಅಕ್ಕಪಕ್ಕದ ಭಾಗಗಳನ್ನು ಅದು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬ ಅಂಕೆ, ಕೊಟ್ಟರೆ ಸಾಕು, ಒಂದೇ ಪುಟ್ಟ ಲೂಪ್ ಎಲ್ಲವನ್ನೂ ನಿಭಾಯಿಸುತ್ತದೆ. ‘10 - 4 - 3’ ಎಡದಿಂದ ಕಟ್ಟಿಕೊಂಡು 3 ಆಗಬೇಕು, 9 ಅಲ್ಲ. ‘2 ^ 3 ^ 2’ ಮಾತ್ರ ಬಲದಿಂದ ಕಟ್ಟಿಕೊಂಡು 512 ಆಗಬೇಕು. ಬಲಗಡೆಯ ಭಾಗವನ್ನು ಓದುವಾಗ ಕಳೆಯುವ ಚಿಹ್ನೆಗೆ ಒಂದು ಮೆಟ್ಟಿಲು ಹೆಚ್ಚಿನ ಬಲ ಕೇಳುವುದು, ಘಾತಕ್ಕೆ ಅಷ್ಟೇ ಬಲ ಸಾಕೆನ್ನುವುದು: ಎರಡರ ವ್ಯತ್ಯಾಸ ಇಷ್ಟೇ.

ನಾನು ಹೆಚ್ಚು ಹೊತ್ತು ಯೋಚಿಸಿದ್ದು ನೋಡ್‌ಗಳ, ಅಂದರೆ ಮರದ ಒಂದೊಂದು ಗಂಟಿನ, ಆಕಾರದ ಬಗ್ಗೆ. ಎಲ್ಲಕ್ಕೂ ಒಂದೇ ಕ್ಲಾಸ್ ಮಾಡಿ, ಬೇಡದ ಜಾಗಗಳನ್ನು ಖಾಲಿ ಬಿಡಬಹುದಿತ್ತು. ಆದರೆ ಎಡಗಡೆಯೇ ಇಲ್ಲದ ಗುಣಾಕಾರವನ್ನೂ ಅದರಲ್ಲಿ ಕಟ್ಟಬಹುದು. ಅರ್ಥವಿಲ್ಲದ ಮರಕ್ಕೆ ಅಸ್ತಿತ್ವವೇ ಇರಬಾರದು ಎಂಬುದು ನನ್ನ ಹಟ. ಸಂಖ್ಯೆ, ಹೆಸರು, ಒಂಟಿ ಚಿಹ್ನೆ, ಜೋಡಿ ಚಿಹ್ನೆ, ಫಂಕ್ಷನ್ ಕರೆ ಎಂದು ಐದು ಬೇರೆ ಬೇರೆ ರೂಪ ಮಾಡಿದೆ. ನಮ್ಮದು ಜಾವಾ ಭಾಷೆಯ 21ನೇ ಆವೃತ್ತಿ. ಯಾವ ಯಾವ ರೂಪಗಳಿವೆ ಎಂದು ಮೊದಲೇ ಪಟ್ಟಿ ಕಟ್ಟುವ ಸೀಲ್ಡ್ ಇಂಟರ್‌ಫೇಸ್ ಬಳಸಿದರೆ, ಹೊಸ ರೂಪವೊಂದನ್ನು ಸೇರಿಸಿದಾಗ ಯಾವ ಸ್ವಿಚ್‌ನಲ್ಲಿ (ರೂಪಕ್ಕೊಂದು ಶಾಖೆ ಇರುವ ಕೋಡ್‌ನಲ್ಲಿ) ಅದನ್ನು ಬಿಟ್ಟಿದ್ದೇವೆ ಎಂದು ಕಂಪೈಲರ್ರೇ ತೋರಿಸುತ್ತದೆ, ‘ಉಳಿದದ್ದಕ್ಕೆಲ್ಲ’ ಎಂಬ ಡಿಫಾಲ್ಟ್ ಶಾಖೆ ಇಡದಿದ್ದರೆ ಮಾತ್ರ.

ರೂಪಗಳನ್ನು ಸೇರಿಸುವುದು ಸುಲಭವಾಗಬೇಕೋ, ಅವುಗಳ ಮೇಲಿನ ಕೆಲಸಗಳನ್ನು ಸೇರಿಸುವುದು ಸುಲಭವಾಗಬೇಕೋ ಎಂಬುದು ಹಳೆಯ ಜಿಜ್ಞಾಸೆ. ಕಂಪ್ಯೂಟರ್ ವಿಜ್ಞಾನಿ ಫಿಲಿಪ್ ವಾಡ್ಲರ್ 1998ರಲ್ಲಿ ಅದನ್ನು ‘ಎಕ್ಸ್‌ಪ್ರೆಶನ್ ಪ್ರಾಬ್ಲಂ’ ಎಂದು ಕರೆದರು. ನಮ್ಮಲ್ಲಿ ರೂಪಗಳು ಅಲ್ಲಾಡಲಿಲ್ಲ, ಕೆಲಸಗಳು ಬೆಳೆಯುತ್ತಲೇ ಹೋದವು. ಲೆಕ್ಕ ಮಾಡುವುದು, ಯಾವ ಕಾಲಂ ಬಳಕೆಯಾಗಿದೆ ಎಂದು ಪಟ್ಟಿ ಮಾಡುವುದು, ಪಠ್ಯಕ್ಕೆ ಸಂಖ್ಯೆ ಕೂಡಿಸಿದರೆ ತಡೆಯುವುದು, ಸರಳಗೊಳಿಸುವುದು, ಎಲ್ಲವೂ ಒಂದೊಂದು ಫಂಕ್ಷನ್ ಆದವು. ಸರಳಗೊಳಿಸುವಾಗ ‘ಅ * 0’ ಅನ್ನು 0 ಮಾಡುವ ಆಸೆ ಸಹಜ. ನಾನು ಮಾಡಲಿಲ್ಲ. ದಶಮಾಂಶ ಸಂಖ್ಯೆಗಳಿಗೆ ಕಂಪ್ಯೂಟರ್ ಬಳಸುವ ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ ಅನಂತವನ್ನು 0ಯಿಂದ ಗುಣಿಸಿದರೆ 0 ಬರುವುದಿಲ್ಲ, ‘ಸಂಖ್ಯೆಯಲ್ಲ’ ಎಂಬ ವಿಶೇಷ ಬೆಲೆ ಬರುತ್ತದೆ.

ಒಂದು ಸೂತ್ರ ಇನ್ನೊಂದನ್ನು ಕರೆಯತೊಡಗಿದಾಗ ಮರ ಸಾಲದಾಯಿತು, ಯಾವ ಸೂತ್ರ ಯಾವುದನ್ನು ಅವಲಂಬಿಸಿದೆ ಎಂದು ಗೆರೆ ಎಳೆದು ತೋರಿಸುವ ಗ್ರಾಫ್ ಬೇಕಾಯಿತು. ಕಾಲಂ ಪಟ್ಟಿ ಮಾಡುವ ಫಂಕ್ಷನ್ ಆಗಲೇ ಕೈಯಲ್ಲಿತ್ತಲ್ಲ, ಅದೇ ಗ್ರಾಫ್‌ನ ಗೆರೆಗಳನ್ನು ಕೊಟ್ಟಿತು. ಯಾರನ್ನೂ ಅವಲಂಬಿಸದ ಸೂತ್ರಗಳನ್ನು ಮೊದಲು ತೆಗೆಯುವುದು, ಅವುಗಳ ಗೆರೆಗಳನ್ನು ಅಳಿಸುವುದು, ಮತ್ತೆ ಹುಡುಕುವುದು. ಆರ್ಥರ್ ಕಾನ್ ಎಂಬುವರು 1962ರಲ್ಲಿ ಕೊಟ್ಟ ಈ ಕ್ರಮದಲ್ಲಿ ಕೊನೆಗೆ ಏನಾದರೂ ಮಿಕ್ಕರೆ ಸೂತ್ರಗಳು ಎಲ್ಲೋ ಸುತ್ತಿಕೊಂಡಿವೆ ಎಂದರ್ಥ.

ಅಮೂರ್ತಗೊಳಿಸುವುದೆಂದರೆ ಏನನ್ನೋ ಬಿಡುವುದು. ಬಳಕೆದಾರರಿಗಾದರೋ ತಾವು ಹಾಕಿದ ಖಾಲಿ ಜಾಗ, ಆವರಣ ಎಲ್ಲವೂ ಹಾಗೇ ಬೇಕು. ಅದಕ್ಕೇ ಡೇಟಾಬೇಸ್‌ನಲ್ಲಿ ಅವರ ಪಠ್ಯವನ್ನೇ ಉಳಿಸುತ್ತೇನೆ, ಮರವನ್ನು ಪ್ರತಿ ಸಲ ಹೊಸದಾಗಿ ಕಟ್ಟುತ್ತೇನೆ. ಪ್ರತಿ ನೋಡ್‌ನಲ್ಲೂ ಪಠ್ಯದ ಎಲ್ಲಿಂದ ಎಲ್ಲಿಯವರೆಗೆ ತನ್ನ ಪಾಲು ಎಂಬ ಗುರುತು ಇದೆ. ಎರಡು ಮರಗಳನ್ನು ಹೋಲಿಸುವಾಗ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾರಾದರೂ ಕಾಲಂ ಹೆಸರು ಬದಲಿಸಿದರೆ ಆ ಹೆಸರಿನ ನೋಡ್‌ಗಳನ್ನಷ್ಟೇ ಹುಡುಕಿ, ಪಠ್ಯದ ಕೊನೆಯಿಂದ ಆರಂಭದತ್ತ ಬದಲಿಸುತ್ತಾ ಬರುತ್ತೇನೆ. ಹಾಗೆ ಮಾಡಿದರೆ ಇನ್ನೂ ಮುಟ್ಟದ ಗುರುತುಗಳು ಕದಲುವುದಿಲ್ಲ. ಗುರುತಿನ ಅಳತೆ ಮಾತ್ರ ಎಲ್ಲ ಕಡೆ ಒಂದೇ ಇರಬೇಕು: ‘ಬೆಲೆ’ ಎಂಬುದು ಯೂನಿಕೋಡ್‌ನಲ್ಲಿ 4 ಕೋಡ್ ಪಾಯಿಂಟ್ (ಅಕ್ಷರಕ್ಕೂ ಸ್ವರ ಚಿಹ್ನೆಗೂ ಒಂದೊಂದು ಸಂಖ್ಯೆ), ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 12 ಬೈಟ್.